ಪೆನ್ಸಿಲ್ಲಿನ ದಪ್ಪ

ದುವಾಲಾ ಬಂದರಿನ ಸುಂಕದ ಕಟ್ಟೆಯಲ್ಲಿ
ಮೇಲಿನ ಮಹಡಿಗೆ ಇಂಗ್ಲಿಷರವನು, ಕೆಳಗೆ ಫ್ರೆಂಚರವನು.
ನಡುವೆ ಹದಿನೇಳು ಮೆಟ್ಟಿಲು,
ಮೆಟ್ಟಿಲ ಮೇಲೆ ನಾನು, ದುಭಾಷಿ ಎಕಾಂಬಿ.

ಜರ್ಮನರು ಬಿಟ್ಟು ಓಡಿದ್ದೇ ಕುರ್ಚಿ, ಬಿಟ್ಟು ಓಡಿದ್ದೇ ಮಸಿಕುಡಿಕೆ.
ಅವರ ಚಕ್ರವರ್ತಿಯ ಪಟ ಇಳಿಸಿದ ಜಾಗ
ಗೋಡೆಯಲ್ಲಿನ್ನೂ ಬೆಳ್ಳಗೆ, ಚೌಕವಾಗಿ ಉಳಿದಿದೆ.
ಅಲ್ಲಿ ಯಾರ ದೊರೆಯನ್ನು ತೂಗುಹಾಕಬೇಕೆಂದು
ಮೂರು ತಿಂಗಳಿಂದ ಪತ್ರವ್ಯವಹಾರ.

ಗೆದ್ದದ್ದು ನನ್ನ ಹಡಗು, ಎನ್ನುತ್ತಾನೆ ಮೇಲಿನವನು.
ಸತ್ತದ್ದು ನನ್ನ ಸಿಪಾಯಿಗಳು, ಎನ್ನುತ್ತಾನೆ ಕೆಳಗಿನವನು.
(ಅವನ ಸಿಪಾಯಿಗಳೆಂದರೆ ಸೆನೆಗಲ್ಲಿನ ಹುಡುಗರು.
ಒಬ್ಬನ ಊರಿನ ಹೆಸರು ಬರೆದುಕೊಳ್ಳಲು ಕೂತಿದ್ದೆ,
ಮೊದಲ ಅಕ್ಷರ ಹೇಳಿದ.)
ತಾಳೆಬೀಜದ ಸುಂಕ ಯಾರ ಪೆಟ್ಟಿಗೆಗೆ,
ದೀಪದ ಗೋಪುರದ ಎಣ್ಣೆ ಯಾರ ಲೆಕ್ಕಕ್ಕೆ,
ಕಳ್ಳನಿಗೆ ಛಡಿಯೇಟು ಎಷ್ಟು, ಯಾವ ಕಾನೂನಿಗೆ?
ಹೋದ ವಾರ ಒಬ್ಬ ಮೇಕೆಗಳ್ಳ
ಎರಡೂ ಕಡೆ ಏಟು ತಿಂದ, ಎರಡೂ ಕಡೆ ರಸೀದಿ ಪಡೆದ.
ಮೇಕೆ ಎಲ್ಲಿ ಹೋಯಿತೋ, ಯಾರೂ ಕೇಳಲಿಲ್ಲ.

ಎಬೆನ್ಯೆ ಬಂದದ್ದು ಸೋಮವಾರ.
ಕಂಕುಳಲ್ಲಿ ತಗಡಿನ ತುಂಡು, ಮೇಲೆ ನಾನೂರ ಹನ್ನೆರಡು.
ನದಿದಂಡೆಯಲ್ಲಿ ಅವಳ ಮನೆಯಿದ್ದ ಜಾಗದ ಸಂಖ್ಯೆ.
ನಮ್ಮ ಒಲೆಯ ಹೊಗೆ ತಮ್ಮ ಮೂಗಿಗೆ ಬಡಿಯುತ್ತದೆಂದು
ಜರ್ಮನರು ಮನೆ ಕೆಡವಿ, ಊರಾಚೆ ಜೌಗಿನಲ್ಲಿ
ಬೇರೊಂದು ಸಂಖ್ಯೆ ಕೊಟ್ಟಿದ್ದರು.
'ಕಿತ್ತವರು ಹೋದರಲ್ಲ,' ಎಂದಳು,
'ಇನ್ನು ನನ್ನ ಜಾಗಕ್ಕೆ ನಾನು ಹೋಗಲೆ?'

ಇಷ್ಟೇ ಪ್ರಶ್ನೆ. ಹೊತ್ತುಕೊಂಡು ಹತ್ತಿದೆ.
ಮೇಲಿನವನು ಕಿಟಕಿಯತ್ತ ನೋಡುತ್ತ:
'ನ್ಯಾಯ ಅವಳ ಕಡೆಗಿದೆ. ಕೊಡಬೇಕಾದರೆ
ಈ ಊರು ನನ್ನದೆಂದು ಮೊದಲು ತೀರ್ಮಾನವಾಗಬೇಕು.'
ಇಳಿದೆ.
ಕೆಳಗಿನವನು ಉಗುರು ಕತ್ತರಿಸುತ್ತ:
'ಊರು ನನ್ನದೇ. ಈಗ ಏನಾದರೂ ಕೊಟ್ಟೆನೋ,
ಮೇಲಿನವನಿಗೆ ಅದೇ ಒಂದು ನೆಪ.'
ಎರಡನ್ನೂ ಕೂಡಿಸಿ, ಕಳೆದು,
ನಮ್ಮ ಮಾತಿಗೆ ಇಳಿಸಿದರೆ ಉಳಿದದ್ದು ಒಂದೇ ಪದ:
ನಾಳೆ.

ಜರ್ಮನರ ಬಳಿ ನಾನು ಕಲಿತ ಮೊದಲ ಪದ ಮೋರ್ಗೆನ್.
ಆಮೇಲೆ ಟುಮಾರೋ.
ಈಗ ದೆಮ್ಯಾಂ ಎನ್ನಲು ಮೂಗನ್ನು ಪಳಗಿಸುತ್ತಿದ್ದೇನೆ.
ಬಾಗಿಲ ಮೇಲೆ ಎಂದಿನಂತೆ ನಾಳೆ ಬಾ,
ಒಳಗಿದ್ದವರಿಗೆ ಹೊರಗೆ ಬಡಿಯುವವರೆಲ್ಲ ದೆವ್ವ.
ಓದಲು ಬರುವ ದೆವ್ವ ತಿರುಗಿ ಹೋಗುತ್ತದೆ.
ಎಬೆನ್ಯೆಗೆ ಓದು ಬಾರದು.
ಅವಳು ಹೋಗಲಿಲ್ಲ.

ಮೆಟ್ಟಿಲ ಬುಡದಲ್ಲಿ ಕೂತಳು. ಎಲೆ ಬಿಚ್ಚಿದಳು:
ಮರಗೆಣಸಿನ ಉದ್ದನೆ ಕಡುಬು, ಹೊಗೆಹಾಕಿದ ಸೀಗಡಿ.
ಆ ಹೊಗೆ, ಅದೇ ಹೊಗೆ, ಹದಿನೇಳೂ ಮೆಟ್ಟಿಲು ಹತ್ತಿತು.
ಇಬ್ಬರೂ ಬಾಗಿಲು ತೆರೆದರು. ಎಬ್ಬಿಸುವವರು ಯಾರು?
ಮಹಡಿ ಯಾರದು, ಅಂಗಳ ಯಾರದು, ಬಾವಿಯ ಹಗ್ಗ ಯಾರದು,
ಎಲ್ಲ ಬರೆದಿತ್ತು ಒಪ್ಪಂದದಲ್ಲಿ.
ಮೆಟ್ಟಿಲು ಬಿಟ್ಟುಹೋಗಿತ್ತು.
ಹೀಗೆ ಐದು ತಿಂಗಳು
ಯಾರೂ ಆಳದ ನೆಲದಲ್ಲಿ ಅವಳು ದಿನಾ ಊಟ ಮಾಡಿದಳು.

ಆಮೇಲೆ ದೂರದ ಯಾವುದೋ ಊಟದ ಮೇಜಿನಿಂದ
ನಕ್ಷೆ ಬಂತು, ನೀಲಿ ಪೆನ್ಸಿಲ್ಲಿನ ಗೆರೆ ಹೊತ್ತು.
ಮೇಲಿನವನು ಪೆಟ್ಟಿಗೆ ಕಟ್ಟಿಸಿದ,
ನನ್ನ ಕೈಕುಲುಕಿದ, ನನ್ನ ಹೆಸರು ತಪ್ಪು ಹೇಳಿದ.
ನಾನು ಅಳತೆಗೋಲು ಇಟ್ಟು ನೋಡಿದೆ:
ಗೆರೆಯ ದಪ್ಪವೇ ಒಂದು ಹರದಾರಿ.
ಅದರ ಕೆಳಗೆ ನನ್ನ ಸೋದರತ್ತೆಯ ಹಳ್ಳಿ, ಎರಡು ಸಂತೆ, ಒಂದು ತೊರೆ.
ಇತ್ತಲ್ಲ, ಅತ್ತಲ್ಲ, ನೀಲಿಯೊಳಗೆ ಇರುವವರು
ಯಾರ ಪ್ರಜೆಗಳೆಂದು ಕೇಳಿದೆ.
ಕೇಳಿದ್ದು ನಮ್ಮ ಮಾತಿನಲ್ಲಿ.
ದುಭಾಷಿಗೆ ದುಭಾಷಿ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಎರಡೂ ಮಹಡಿ ಒಬ್ಬನವಾಗಿ
ಮೆಟ್ಟಿಲಿಗೂ ಒಡೆಯ ಬಂದ.
ಮೊದಲ ಆಜ್ಞೆ: ಅವಳನ್ನು ಎಬ್ಬಿಸು.
ಹೊಸ ಭಾಷೆಯಲ್ಲಿ ನಾನಿನ್ನೂ ಹಸಿ, ಸ್ವಾಮಿ,
ಕ್ರಿಯಾಪದ ಕಿವಿಗೆ ಬೀಳಲಿಲ್ಲ, ಎಂದೆ.
ಅವನು ಮತ್ತೆ ಹೇಳಿದ, ಬಿಡಿಸಿ ಬಿಡಿಸಿ, ಮಗುವಿಗೆ ಹೇಳಿದಂತೆ.

ಎಬೆನ್ಯೆ ಸ್ವಲ್ಪ ಸರಿದು ಜಾಗ ಮಾಡಿದಳು.
ತಗಡಿನ ಮೇಲೆ ಕಡುಬು ಮುರಿದಳು,
ನನ್ನ ಕಡೆಗೊಂದು ತುಂಡು ನೂಕಿದಳು.